ಶೌಚಾಲಯ ಮತ್ತು ಕೊಳವೆಗಳ ಶುಚಿಕಾರಕಗಳು

ಶೌಚಾಲಯದ ಪ್ಯಾನು, ಕಮೋಡ್, ಬಚ್ಚಲ ಮೋರಿ ಮತ್ತು ಅಲ್ಲಿಂದ ಹೊರಹೋಗುವ ಕೊಳವೆಗಳಲ್ಲಿ ಕಟ್ಟುವ ಕಲೆ, ಜಿಡ್ಡು, ಪಾಚಿ, ದುರ್ವಾಸನೆಗಳನ್ನು ಹೋಗಲಾಡಿಸಲು ಬಳಸುವ ವಸ್ತುಗಳಿಗೆ ಶುಚಿಕಾರಕಗಳೆಂದು ಹೆಸರು. ಕಲಬುರಗಿಯ ಕಿರಾಣಿ ಅಂಗಡಿಯಲ್ಲಿ ಇವು ಹಲವು ರೂಪದಲ್ಲಿ ಸಿಗುತ್ತವೆ: ಹಿರಿಯರು ಇಂದಿಗೂ ತೇಜಾಬ್ ಎಂದು ಕರೆಯುವ ಆ್ಯಸಿಡ್, ನೀಲಿ ಬಣ್ಣದ ಗಟ್ಟಿ ದ್ರವ, ಬ್ಲೀಚಿಂಗ್ ಪುಡಿ, ಕಪ್ಪು ಮತ್ತು ಬಿಳಿ ಫಿನಾಯಿಲ್, ಮೋರಿ ಬಿಡಿಸುವ ಪುಡಿ, ಡಾಂಬರು ಗುಳಿಗೆ. ಕಲೆ ಎಷ್ಟು ಬೇಗ ಹೋಗುತ್ತದೆ ಎಂಬುದನ್ನಷ್ಟೇ ನೋಡಿ ಇವನ್ನು ಕೊಳ್ಳುವುದು ರೂಢಿ. ಆದರೆ ಸುರಕ್ಷಿತ ಆಯ್ಕೆಗೆ ಬೇಕಾದ ಮೊದಲ ಮಾಹಿತಿ ಬೇರೆಯೇ ಇದೆ. ಸುರಿದ ದ್ರವ ಪ್ಯಾನಿನಿಂದ ಇಳಿದು ಎಲ್ಲಿಗೆ ಹೋಗುತ್ತದೆ? ನಗರದ ಒಳಚರಂಡಿಗೋ, ಅಂಗಳದ ಸೆಪ್ಟಿಕ್ ಟ್ಯಾಂಕಿಗೋ, ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿರುವಂಥ ಜೋಡಿಗುಂಡಿಗೋ, ರೈಲು ಬೋಗಿಯ ಕೆಳಗಿನ ತೊಟ್ಟಿಗೋ, ದೋಣಿಯ ಹೊಟ್ಟೆಯಲ್ಲಿರುವ ಸಂಗ್ರಹ ತೊಟ್ಟಿಗೋ? ಒಂದು ಕಡೆ ನಿರುಪದ್ರವಿಯಾದ ದ್ರವ ಇನ್ನೊಂದು ಕಡೆ ಇಡೀ ವ್ಯವಸ್ಥೆಯನ್ನೇ ಕೆಡಿಸಬಲ್ಲದು.

ನೀರು, ನೆಲ ಮತ್ತು ಬಿಳಿ ಕಲೆ

ಕಲಬುರಗಿ ನಗರಕ್ಕೆ ಭೀಮಾ ನದಿಯ ಸರಡಗಿ ಬ್ಯಾರೇಜಿನಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ನೀರು ಬರುತ್ತದೆ. ನಲ್ಲಿ ನೀರು ಸಾಲದ ಮನೆಗಳು ಬೋರಿನ ನೀರನ್ನು ನೆಚ್ಚಿಕೊಂಡಿವೆ. ಜಿಲ್ಲೆಯ ಉತ್ತರ ಭಾಗ ಡೆಕ್ಕನ್ ಟ್ರ್ಯಾಪ್‌ನ ಕಪ್ಪು ಶಿಲೆಯ ಮೇಲಿದ್ದರೆ, ಶಹಾಬಾದ್, ಚಿತ್ತಾಪುರ, ಸೇಡಂಗಳಿರುವ ದಕ್ಷಿಣ ಭಾಗ ಭೀಮಾ ಕಣಿವೆಯ ಸುಣ್ಣಕಲ್ಲಿನ ಮೇಲಿದೆ. ನೆಲದೊಳಗೆ ಇಳಿದ ಮಳೆನೀರು ಈ ಶಿಲೆಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಾಗ 600ರವರೆಗೆ ಒಪ್ಪಬಹುದು.

ಗಡಸು ನೀರು ಆರಿದ ಕಡೆಯೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳು ಪದರ ಉಳಿಯುತ್ತದೆ. ಬಕೆಟ್ಟಿನ ಅಂಚಿನ ಬಿಳಿ ಗೆರೆ, ಗೀಸರಿನ ಕಾಯಿಲ್ ಮೇಲಿನ ಚಕ್ಕೆ, ಶವರಿನ ಮುಚ್ಚಿಹೋದ ತೂತು, ಎಲ್ಲದರ ಮೂಲವೂ ಇದೇ. ಪ್ಯಾನಿನಲ್ಲಿ ಇದಕ್ಕೆ ಮೂತ್ರವೂ ಸೇರುತ್ತದೆ. ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿದಾಗ ನೀರು ಕ್ಷಾರೀಯವಾಗಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಫಾಸ್ಫೇಟುಗಳು ಹಳದಿ ಹೆಪ್ಪಾಗಿ ಕೂರುತ್ತವೆ. ಆ ಹೆಪ್ಪಿನ ಒರಟು ಮೈಯಲ್ಲಿ ಕೊಳೆ ಮನೆಮಾಡಿಕೊಳ್ಳುತ್ತದೆ, ವಾಸನೆ ಅಲ್ಲಿಂದಲೇ ಏಳುತ್ತದೆ. ಫಿನಾಯಿಲ್ ಎಷ್ಟು ಸುರಿದರೂ ಮರುದಿನ ನಾತ ಮರಳುವುದಕ್ಕೆ ಕಾರಣ ಇಷ್ಟೆ: ಫಿನಾಯಿಲ್ ಸುಣ್ಣದ ಹೆಪ್ಪನ್ನು ಕರಗಿಸದು. ಅದನ್ನು ಕರಗಿಸಲು ಹುಳಿ, ಅಂದರೆ ಆಮ್ಲವೇ ಬೇಕು. ಯಾವ ಆಮ್ಲ, ಎಷ್ಟು ತೀಕ್ಷ್ಣ ಎಂಬುದರಲ್ಲಿ ವಿವೇಕವಿದೆ.

ಶಹಾಬಾದ್ ಕಲ್ಲಿನ ಮೇಲೆ ಒಂದು ಹನಿ

ಈ ಭಾಗದ ಹಳೆಯ ಮನೆಗಳ ಬಚ್ಚಲು, ಅಂಗಳ, ಮೆಟ್ಟಿಲುಗಳಿಗೆ ಶಹಾಬಾದ್ ಫರಸಿಯನ್ನೇ ಹಾಸಿರುತ್ತಾರೆ. ಬೂದು ಬಣ್ಣದ ಈ ಚಪ್ಪಡಿ ಬೇಸಗೆಯಲ್ಲಿ ಕಾಲಿಗೆ ತಂಪು, ಎಷ್ಟು ತುಳಿದರೂ ಸವೆಯದು. ಆದರೆ ಅದು ಅಪ್ಪಟ ಸುಣ್ಣಕಲ್ಲು. ಅದರ ಮೇಲೆ ಒಂದು ಹನಿ ತೇಜಾಬ್ ಬಿದ್ದರೆ ತಕ್ಷಣ ಚುರ್ರೆಂದು ಬಿಳಿ ನೊರೆ ಏಳುತ್ತದೆ. ಹೈಡ್ರೊಕ್ಲೋರಿಕ್ ಆಮ್ಲವು ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುತ್ತಿರುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಆ ನೊರೆ. ಅರೆ ನಿಮಿಷದಲ್ಲಿ ನೊರೆ ಅಡಗುತ್ತದೆ. ಒರೆಸಿ ನೋಡಿದರೆ ನುಣುಪು ಹೋಗಿ ಮಸುಕಾದ, ಬೆರಳಿಗೆ ಒರಟಾಗಿ ಸಿಗುವ ಮಚ್ಚೆ ಉಳಿದಿರುತ್ತದೆ. ಕೊಳೆ ಹೋಯಿತೆಂದು ತೋರಿದ್ದು ನಿಜದಲ್ಲಿ ಕಲ್ಲಿನ ಮೇಲ್ಪದರವೇ ಹೋದದ್ದು. ಒರಟಾದ ಆ ಜಾಗ ಮುಂದೆ ಮತ್ತಷ್ಟು ಬೇಗ ಕೊಳೆ ಹಿಡಿಯುತ್ತದೆ, ಮನೆಯವರು ಮತ್ತಷ್ಟು ತೇಜಾಬ್ ತರುತ್ತಾರೆ, ಕಲ್ಲು ಮತ್ತಷ್ಟು ಸವೆಯುತ್ತದೆ. ಹಾಸುಗಲ್ಲುಗಳ ನಡುವಿನ ಸಿಮೆಂಟ್ ಸಂದುಗಳ ಗತಿಯೂ ಇದೇ. ಸಂದು ಬಿಟ್ಟಲ್ಲಿ ನೀರು ಕೆಳಗಿಳಿದು ಗೋಡೆ ಹಸಿ ಹಿಡಿಯುತ್ತದೆ.

ವಿನೆಗರ್, ನಿಂಬೆರಸ, ಹುಣಸೆಹುಳಿ ಕೂಡ ಸುಣ್ಣಕಲ್ಲನ್ನು ನಿಧಾನವಾಗಿ ತಿನ್ನುತ್ತವೆ. ಆದುದರಿಂದ ಶಹಾಬಾದ್ ನೆಲಕ್ಕೆ ಸೌಮ್ಯ ಸಾಬೂನಿನ ನೀರು ಮತ್ತು ಗಟ್ಟಿ ಬ್ರಷ್ ಸಾಕು. ಆಮ್ಲವೇನಿದ್ದರೂ ಪಿಂಗಾಣಿ ಪ್ಯಾನಿನ ಒಳಗಷ್ಟೇ ಇರಬೇಕು. ಪಿಂಗಾಣಿಯ ಗಾಜಿನಂಥ ಲೇಪ ಆಮ್ಲಕ್ಕೆ ಜಗ್ಗದು. ಸುತ್ತಲಿನ ಕಲ್ಲು, ಸಿಮೆಂಟು, ಕ್ರೋಮ್ ಲೇಪದ ನಲ್ಲಿ, ಕಬ್ಬಿಣದ ಚಿಲಕ ಜಗ್ಗುತ್ತವೆ.

ಬಗೆಗಳು ಮತ್ತು ಅವುಗಳ ಕೆಲಸ

ಒಲೆಯ ಬೂದಿ ಮತ್ತು ಸುಟ್ಟ ಸುಣ್ಣ ಈ ನಾಡಿನ ಹಳೆಯ ಶುಚಿಕಾರಕಗಳು. ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟ್ ಜಿಡ್ಡನ್ನು ಬಿಡಿಸುತ್ತದೆ, ಸುಣ್ಣ ರೋಗಾಣುಗಳನ್ನು ಕೊಲ್ಲುತ್ತದೆ. ಅಂಟುವಾಳದ ನೊರೆಯೂ ಜಿಡ್ಡಿಗೆ ಒಳ್ಳೆಯದು, ಸುಣ್ಣದ ಕಲೆಗೆ ಅಲ್ಲ. ಕಾರ್ಖಾನೆಯ ವಸ್ತುಗಳ ಕಾಲ ಯುರೋಪಿನಲ್ಲಿ ಶುರುವಾಯಿತು. ಕಾರ್ಲ್ ವಿಲ್ಹೆಲ್ಮ್ ಶೀಲೆ 1774ರಲ್ಲಿ ಕ್ಲೋರಿನ್ ಅನಿಲವನ್ನು ಬೇರ್ಪಡಿಸಿದ. ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ 1799ರಲ್ಲಿ ಬ್ಲೀಚಿಂಗ್ ಪುಡಿಗೆ ಪೇಟೆಂಟ್ ಪಡೆದ. 1860ರ ದಶಕದಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ಬಾಲಿಕ್ ಆಮ್ಲ ಬಳಸಿದ ಮೇಲೆ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಫಿನಾಯಿಲ್‌ಗಳು ಆಸ್ಪತ್ರೆಯಿಂದ ಮನೆಗೂ ಬಂದವು.

ಇಂದು ಅಂಗಡಿಯಲ್ಲಿರುವವನ್ನು ಕೆಲಸದ ಪ್ರಕಾರ ಐದು ಗುಂಪು ಮಾಡಬಹುದು.

ಮೊದಲನೆಯದು ತೀಕ್ಷ್ಣ ಆಮ್ಲಗಳು. ಬಿಡಿಯಾಗಿ ಮಾರುವ ವಾಣಿಜ್ಯ ದರ್ಜೆಯ ಹೈಡ್ರೊಕ್ಲೋರಿಕ್ ಆಮ್ಲದ ಪ್ರಬಲತೆ ಸುಮಾರು 30 ಪ್ರತಿಶತ. ಕಂಪನಿಗಳ ನೀಲಿ ದ್ರವದಲ್ಲಿ ಸಾಮಾನ್ಯವಾಗಿ 10 ಪ್ರತಿಶತದ ಆಸುಪಾಸು. ನೀಲಿ ದ್ರವ ಮಂದವಾಗಿರುವುದರಿಂದ ಪ್ಯಾನಿನ ಗೋಡೆಗೆ ಅಂಟಿ ನಿಲ್ಲುತ್ತದೆ, ಸಿಡಿಯುವುದು ಕಡಿಮೆ. ಬಿಡಿ ತೇಜಾಬ್‌ನ ಹೊಗೆ ಮಾತ್ರ ಮುಚ್ಚಿದ ಕೋಣೆಯಲ್ಲಿ ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಮನೆಬಳಕೆಗೆ ಅದರ ಅಗತ್ಯವೇ ಇಲ್ಲ.

ಎರಡನೆಯದು ಸೌಮ್ಯ ಆಮ್ಲಗಳು: ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ, 4–5 ಪ್ರತಿಶತ ಅಸಿಟಿಕ್ ಆಮ್ಲವಿರುವ ಬಿಳಿ ವಿನೆಗರ್. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಪುಡಿ ಕರಗಿಸಿ, ರಾತ್ರಿ ಮಲಗುವ ಮುನ್ನ ಪ್ಯಾನಿನ ಕಲೆಯ ಮೇಲೆ ಸುರಿದು, ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿದರೆ ತೆಳು ಹೆಪ್ಪು ಬಿಡುತ್ತದೆ. ದಪ್ಪಗಿದ್ದರೆ ಎರಡು ಮೂರು ರಾತ್ರಿ ಹೀಗೆ ಮಾಡಬೇಕು. ತೇಜಾಬ್ ಐದು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಇದು ಇಡೀ ರಾತ್ರಿ ತೆಗೆದುಕೊಳ್ಳುತ್ತದೆ. ಆದರೆ ಹೊಗೆಯಿಲ್ಲ, ಕೊಳವೆಯ ರಬ್ಬರ್ ವಾಷರಿಗೂ ಅಷ್ಟು ತೊಂದರೆಯಿಲ್ಲ. ವಿನೆಗರಿಗೆ ಅಡುಗೆ ಸೋಡಾ ಬೆರೆಸುವ ಜನಪ್ರಿಯ ಸಲಹೆಯಲ್ಲಿ ತಿರುಳಿಲ್ಲ. ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಸೋಡಿಯಂ ಅಸಿಟೇಟ್ ಆಗುತ್ತವೆ. ನೊರೆ ಬರುತ್ತದೆ, ಹುಳಿ ಸತ್ತುಹೋಗುತ್ತದೆ.

ಮೂರನೆಯದು ಕ್ಲೋರಿನ್ ವಸ್ತುಗಳು, ಅಂದರೆ ಬ್ಲೀಚಿಂಗ್ ಪುಡಿ ಮತ್ತು ಸೋಡಿಯಂ ಹೈಪೊಕ್ಲೋರೈಟ್ ದ್ರವ. ಇವು ರೋಗಾಣುಗಳನ್ನು ಕೊಲ್ಲುತ್ತವೆ, ಪಾಚಿಯ ಬಣ್ಣ ತೆಗೆಯುತ್ತವೆ, ಸುಣ್ಣದ ಕಲೆಯನ್ನು ಮುಟ್ಟುವುದಿಲ್ಲ. ಶಾಖ ಮತ್ತು ಬೆಳಕಿಗೆ ಇವುಗಳ ಸತ್ವ ಇಳಿಯುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಮಾಳಿಗೆಯ ಮೇಲೆ ಅಥವಾ ತಗಡಿನ ಕೆಳಗೆ ಇಟ್ಟ ಹಳೆಯ ಬ್ಲೀಚಿಂಗ್ ಚೀಲದಲ್ಲಿ ಸುಣ್ಣದ ಪುಡಿಯಷ್ಟೇ ಉಳಿದಿರಬಹುದು. ಬೇಕಾದಷ್ಟೇ ಕೊಂಡು, ನೆರಳಿನಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಕೆಲವೇ ತಿಂಗಳಲ್ಲಿ ಮುಗಿಸುವುದು ಒಳ್ಳೆಯದು.

ನಾಲ್ಕನೆಯದು ಫಿನಾಯಿಲ್ ಮತ್ತು ಸುವಾಸನೆಯ ದ್ರವಗಳು. ಕಪ್ಪು ಫಿನಾಯಿಲ್ ಡಾಂಬರಿನ ಫೀನಾಲ್‌ಗಳಿಂದ, ಬಿಳಿಯದು ಹೆಚ್ಚಾಗಿ ಪೈನ್ ಎಣ್ಣೆಯಿಂದ ಆಗುತ್ತದೆ. ನೆಲ ಒರೆಸಲು ಇವು ಸರಿ. ಪ್ಯಾನಿನಲ್ಲಿ ದಿನವೂ ಸುರಿಯಲು ಅಲ್ಲ. ಇವುಗಳ ಜೊತೆಗೇ ಎಣಿಸಬೇಕಾದದ್ದು ನ್ಯಾಫ್ತಲೀನಿನ ಡಾಂಬರು ಗುಳಿಗೆ. ಅದು ಯಾವುದನ್ನೂ ಶುಚಿ ಮಾಡುವುದಿಲ್ಲ, ವಾಸನೆಯನ್ನು ಮರೆಸುತ್ತದೆ ಅಷ್ಟೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದರ ಆವಿ ಅಥವಾ ಚೂರು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಹಾಲುಗಲ್ಲದ ಕೂಸಿರುವ ಮನೆಯಲ್ಲಿ ಅದು ಇರಲೇಬಾರದು.

ಐದನೆಯದು ಕಾಸ್ಟಿಕ್ ಸೋಡಾ ಆಧಾರಿತ ಮೋರಿ ಪುಡಿಗಳು. ಕೂದಲು, ಎಣ್ಣೆ, ಸಾಬೂನಿನ ಗಸಿ ಕಟ್ಟಿಕೊಂಡ ಕೊಳವೆಯಲ್ಲಿ ಇವು ಕೂದಲನ್ನು ಕರಗಿಸಿ ಕೊಬ್ಬನ್ನು ಸಾಬೂನಾಗಿಸುತ್ತವೆ. ಕೆಲವು ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರುಗಳಿದ್ದು, ನೀರು ತಗುಲಿದೊಡನೆ ಕುದಿದು ಜಲಜನಕ ಬಿಡುತ್ತವೆ. ಆ ಶಾಖಕ್ಕೆ ಪಿವಿಸಿ ಕೊಳವೆ ಮೆತ್ತಗಾಗುತ್ತದೆ, ಅಂಟಿಸಿದ ಜೋಡಣೆ ಸಡಿಲಾಗುತ್ತದೆ. ಪೂರ್ತಿ ಕಟ್ಟಿಕೊಂಡ ಕೊಳವೆಗೆ ಇದನ್ನು ಸುರಿದರೆ ಇಳಿಯಲು ದಾರಿಯಿಲ್ಲದೆ ಮೇಲಕ್ಕೆ ಚಿಮ್ಮುವ ಅಪಾಯವೂ ಇದೆ. ಮೊದಲು ರಬ್ಬರ್ ಪಂಪಿನಿಂದ ಒತ್ತುವುದು, ಆಮೇಲೆ ಉದ್ದನೆಯ ಸ್ಪ್ರಿಂಗ್ ತಂತಿ ಹಾಕಿ ಎಳೆಯುವುದು, ಬಚ್ಚಲ ಜಾಳಿಗೆಯ ಕೂದಲನ್ನು ವಾರಕ್ಕೊಮ್ಮೆ ಕೈಯಿಂದ ತೆಗೆಯುವುದು, ಇಷ್ಟು ಮಾಡಿದ ಮನೆಗೆ ಈ ಪುಡಿಯ ಅಗತ್ಯ ಬೀಳುವುದು ಅಪರೂಪ.

ಕೂಡಬಾರದ ಜೋಡಿಗಳು

ಮನೆಯೊಳಗಿನ ದೊಡ್ಡ ಅಪಾಯ ಒಂದೇ ಶೀಸೆಯಿಂದ ಬರುವುದಿಲ್ಲ, ಎರಡು ಶೀಸೆ ಕೂಡಿದಾಗ ಬರುತ್ತದೆ. ಪ್ಯಾನಿಗೆ ಆ್ಯಸಿಡ್ ಹಾಕಿ, ಇನ್ನಷ್ಟು ಬೆಳ್ಳಗಾಗಲೆಂದು ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿದರೆ ಹಳದಿ ಮಿಶ್ರಿತ ಹಸಿರು ಬಣ್ಣದ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಯುದ್ಧದಲ್ಲಿ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಇದು ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಕುಕ್ಕರುಗಾಲಲ್ಲಿ ಕೂತು ತಲೆಬಗ್ಗಿಸಿ ಪ್ಯಾನು ಉಜ್ಜುವವರ ಮುಖ ಇರುವುದೇ ಆ ಎತ್ತರದಲ್ಲಿ. ನಾಲ್ಕು ಅಡಿ ಚೌಕದ, ಒಂದೇ ಸಣ್ಣ ಕಿಂಡಿಯ ಸಂಡಾಸಿನಲ್ಲಿ ಅದು ಹೊರಹೋಗಲು ದಾರಿಯೂ ಇರುವುದಿಲ್ಲ.

ಬ್ಲೀಚಿಗೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಆವಿ ಬರುತ್ತದೆ. ಬಹಳ ಹೊತ್ತು ಮೂತ್ರ ನಿಂತ ಪ್ಯಾನಿನಲ್ಲೂ ಅಲ್ಪ ಪ್ರಮಾಣದಲ್ಲಿ ಇದಾಗಬಹುದು. ಆದ್ದರಿಂದ ಮೊದಲು ನೀರು ಬಿಟ್ಟು, ಆಮೇಲೆ ಬ್ಲೀಚ್ ಹಾಕಬೇಕು. ಕಾಸ್ಟಿಕ್ ಮತ್ತು ಆಮ್ಲ ಕೂಡಿದರೆ ಕುದಿದು ಸಿಡಿಯುತ್ತವೆ. ಒಂದು ದಿನಕ್ಕೆ ಒಂದೇ ವಸ್ತು, ನಡುವೆ ಧಾರಾಳ ನೀರು, ಬಾಗಿಲು ಕಿಟಕಿ ತೆರೆದಿರಬೇಕು. ಈ ಕ್ರಮ ತಪ್ಪದ ಮನೆಯಲ್ಲಿ ಇಂಥ ಅವಘಡಕ್ಕೆ ಆಸ್ಪದವಿಲ್ಲ.

ಟ್ಯಾಂಕು, ಗುಂಡಿ ಮತ್ತು ಎರೆಮಣ್ಣು

ಒಳಚರಂಡಿ ಇರುವ ಬಡಾವಣೆಯಲ್ಲಿ ಸುರಿದ ಆಮ್ಲ ಊರಿನ ಅಪಾರ ನೀರಿನಲ್ಲಿ ಬೆರೆತು ತೆಳುವಾಗುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಆ ಅವಕಾಶವಿಲ್ಲ. ಅಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮಲವನ್ನು ಜೀರ್ಣಿಸಿ ರಾಡಿಯ ಪ್ರಮಾಣ ತಗ್ಗಿಸುತ್ತಿರುತ್ತವೆ. ವಾರಕ್ಕೊಮ್ಮೆ ಅಳತೆಯಲ್ಲಿ ಬಳಸಿದ ನೀಲಿ ದ್ರವವನ್ನು ದೊಡ್ಡ ಟ್ಯಾಂಕು ತಾಳಿಕೊಳ್ಳುತ್ತದೆ. ದಿನವೂ ಫಿನಾಯಿಲ್, ಹಬ್ಬಕ್ಕೊಮ್ಮೆ ಎರಡು ಬಾಟಲಿ ತೇಜಾಬ್ ಎಂದಾದರೆ ಆ ಜೀವಿಗಳು ಸಾಯುತ್ತವೆ. ಜೀರ್ಣವಾಗದ ರಾಡಿ ಬೇಗ ತುಂಬಿ, ಹೊರಹೋಗುವ ನೀರಿನ ಜೊತೆ ಇಂಗುಗುಂಡಿಗೆ ಸೇರಿ ಅದರ ರಂಧ್ರಗಳನ್ನು ಮುಚ್ಚುತ್ತದೆ. ಕಲಬುರಗಿ ಸೀಮೆಯ ಎರೆಮಣ್ಣು ಮೊದಲೇ ನೀರನ್ನು ಬೇಗ ಇಂಗಿಸಿಕೊಳ್ಳುವಂಥದ್ದಲ್ಲ. ಮಳೆಗಾಲದಲ್ಲಿ ಉಬ್ಬಿ ಬಿರುಕು ಮುಚ್ಚಿಕೊಂಡರೆ ಇಂಗುವುದು ನಿಂತೇ ಹೋಗುತ್ತದೆ. ಮಳೆ ಬಂದಾಗಲೆಲ್ಲ ಪ್ಯಾನು ಮೇಲೆ ಉಕ್ಕುವ ಮನೆಯವರು ಮತ್ತೊಂದು ಬಾಟಲಿ ಆ್ಯಸಿಡ್ ಸುರಿದರೆ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಮೊದಲು ಕಲಬುರಗಿ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕು. ಇಂಥ ಹಳ್ಳಿಗಾಡಿನಲ್ಲಿ ಕಾಣುವುದು 2014ರಲ್ಲಿ ಶುರುವಾದ ಸ್ವಚ್ಛ ಭಾರತ ಅಭಿಯಾನ ಶಿಫಾರಸು ಮಾಡಿದ ಜೋಡಿಗುಂಡಿ ಶೌಚಾಲಯ. ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ದಾರಿ ತಿರುಗಿಸಿ, ಮೊದಲನೆಯದನ್ನು ಒಂದೆರಡು ವರ್ಷ ಮುಚ್ಚಿಟ್ಟರೆ ಅದರಲ್ಲಿದ್ದದ್ದು ಮಣ್ಣಿನಂಥ ಗೊಬ್ಬರವಾಗುತ್ತದೆ. ಇಲ್ಲಿ ಕೆಲಸ ಮಾಡುವುದು ಮಣ್ಣಿನ ಜೀವಿಗಳೇ. ಜಾಲರಿಯಂತೆ ಇಟ್ಟಿಗೆ ಕಟ್ಟಿದ ಗುಂಡಿಯಿಂದ ನೀರು ನೇರ ಮಣ್ಣಿಗಿಳಿಯುವುದರಿಂದ ಸುರಿದ ರಾಸಾಯನಿಕವೂ ಅದೇ ದಾರಿ ಹಿಡಿಯುತ್ತದೆ. ಬಾವಿ, ಬೋರುಗಳಿಂದ ಗುಂಡಿ ಕನಿಷ್ಠ 10 ಮೀಟರ್ ದೂರವಿರಬೇಕು ಎಂಬ ನಿಯಮ ಇರುವುದೂ ಇದಕ್ಕೇ. ಜೋಡಿಗುಂಡಿಗೆ ಬ್ರಷ್ಷು, ನೀರು, ಸ್ವಲ್ಪ ಸಾಬೂನು ಸಾಕು. ಕಲೆ ಕಟ್ಟಿದರೆ ಒಂದಿಷ್ಟು ಸಿಟ್ರಿಕ್ ಪುಡಿ. ತೇಜಾಬ್, ಫಿನಾಯಿಲ್, ಬ್ಲೀಚಿಂಗ್ ಮೂರೂ ಅಲ್ಲಿಗೆ ಬೇಡ.

ಚಲಿಸುವ ಶೌಚಾಲಯಗಳು: ರೈಲು ಮತ್ತು ದೋಣಿ

ಮುಂಬಯಿ–ಚೆನ್ನೈ ಮಾರ್ಗದ ರೈಲುಗಳು ಕಲಬುರಗಿಯಲ್ಲಿ ನಿಲ್ಲುತ್ತವೆ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ಮಾರ್ಗವೂ ತೆರೆಯಿತು. ಈ ಬೋಗಿಗಳ ಕೆಳಗೆ ಈಗ ಜೈವಿಕ ಶೌಚಾಲಯಗಳಿವೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜೊತೆಗೂಡಿ ರೈಲ್ವೆ ಇಲಾಖೆ ರೂಪಿಸಿದ ಈ ವ್ಯವಸ್ಥೆ 2011ರಲ್ಲಿ ಗ್ವಾಲಿಯರ್–ವಾರಾಣಸಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ನಲ್ಲಿ ಮೊದಲು ಓಡಿತು. ಕೋಣೆಗಳಾಗಿ ವಿಂಗಡಿಸಿದ ಸ್ಟೀಲ್ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಮಲವನ್ನು ನೀರು ಮತ್ತು ಅನಿಲವಾಗಿ ಒಡೆಯುತ್ತವೆ. ನೀರು ಕ್ಲೋರಿನ್ ಸೋಕಿಸಿಕೊಂಡು ಹೊರಬೀಳುತ್ತದೆ. ತೀಕ್ಷ್ಣ ಆಮ್ಲ ಅಥವಾ ಫಿನಾಯಿಲ್ ತೊಟ್ಟಿಗೆ ಸೇರಿದರೆ ಈ ಜೀವಿಗಳು ನಾಶವಾಗುತ್ತವೆ. ಪ್ರಯಾಣಿಕರು ಹಾಕುವ ನೀರಿನ ಬಾಟಲಿ, ಗುಟ್ಕಾ ಚೀಟಿ, ಪ್ಯಾಡುಗಳೂ ಅದನ್ನು ಕಟ್ಟಿಹಾಕುತ್ತವೆ.

ದೋಣಿಯ ಶೌಚಾಲಯ ಇದಕ್ಕಿಂತ ಸೂಕ್ಷ್ಮ. ಕರಾವಳಿಯ ಹಡಗು, ದೋಣಿಗಳಲ್ಲಿ ಸಮುದ್ರದ ನೀರಿನಿಂದಲೇ ಪ್ಯಾನು ತೊಳೆಯುವ ವ್ಯವಸ್ಥೆ ಸಾಮಾನ್ಯ. ಉಪ್ಪುನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಮೂತ್ರದೊಡನೆ ಸೇರಿ ಕೊಳವೆಯ ಒಳಗೋಡೆಗೆ ಹೆಪ್ಪುಗಟ್ಟುತ್ತವೆ. ಕಲಬುರಗಿಯ ಬೋರಿನ ನೀರು ಮಾಡುವುದನ್ನೇ ಸಮುದ್ರ ಇನ್ನೂ ಹೆಚ್ಚು ವೇಗದಲ್ಲಿ ಮಾಡುತ್ತದೆ ಎನ್ನಬಹುದು. ಕೈಪಂಪಿನ ಕವಾಟಗಳು ಮೆತ್ತನೆಯ ರಬ್ಬರಿನವು. ಬ್ಲೀಚ್, ಪೈನ್ ಎಣ್ಣೆಯ ಫಿನಾಯಿಲ್, ಪೆಟ್ರೋಲಿಯಂ ಎಣ್ಣೆ ಇವುಗಳಿಗೆ ಆ ರಬ್ಬರ್ ಉಬ್ಬಿ ಅಥವಾ ಬಿರಿದು ಬಿಗಿ ಕಳೆದುಕೊಂಡರೆ ಹೊಲಸು ನೀರು ಹಿಂದಕ್ಕೆ ಬರುತ್ತದೆ. ಅದಕ್ಕಾಗಿ ಅನುಭವಿಗಳು ಹೆಪ್ಪಿಗೆ ಬಿಳಿ ವಿನೆಗರ್, ಪಂಪಿನ ನುಣುಪಿಗೆ ಅಡುಗೆ ಎಣ್ಣೆ ಬಳಸಿ, ಕೊನೆಗೆ ಸಿಹಿನೀರು ಹಾಯಿಸುತ್ತಾರೆ. ಸಂಗ್ರಹ ತೊಟ್ಟಿಯ ವಾಸನೆಗೆ ಕಿಣ್ವ ಅಥವಾ ಬ್ಯಾಕ್ಟೀರಿಯಾ ಆಧಾರಿತ ದ್ರವ ಹಾಕಿದವರು ಅದೇ ವಾರ ಬ್ಲೀಚ್ ಮುಟ್ಟುವಂತಿಲ್ಲ. ದೊಡ್ಡ ಹಡಗುಗಳಿಗೆ ಅಂತರರಾಷ್ಟ್ರೀಯ ಕಟ್ಟಳೆಯೂ ಇದೆ: 2003ರ ಸೆಪ್ಟೆಂಬರ್ 27ರಂದು ಜಾರಿಗೆ ಬಂದ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧದಂತೆ ಸಂಸ್ಕರಿಸದ ಮಲವನ್ನು ತೀರದಿಂದ 12 ನಾಟಿಕಲ್ ಮೈಲಿಯಾಚೆಗಷ್ಟೇ ಬಿಡಬಹುದು.

ಮಾರಾಟ, ಲೇಬಲ್, ಪ್ರಥಮ ಚಿಕಿತ್ಸೆ

ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಬಿಡಿ ಆ್ಯಸಿಡ್ ಮಾರಾಟಕ್ಕೆ ಕಡಿವಾಣ ಹಾಕಿತು. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಕೊಳ್ಳುವವರು ಗುರುತಿನ ಚೀಟಿ ತೋರಿಸಿ ಉದ್ದೇಶ ಹೇಳಬೇಕು. ಅಂಗಡಿಯವರು ಅದನ್ನು ದಾಖಲಿಸಬೇಕು. ಸಂಡಾಸು ತೊಳೆಯಲು ತೇಜಾಬ್ ಬೇಕಿಲ್ಲ ಎಂದು ಮನೆಮನೆ ತೀರ್ಮಾನಿಸಿದರೆ ಈ ಆದೇಶಕ್ಕೆ ಅದಕ್ಕಿಂತ ದೊಡ್ಡ ಬೆಂಬಲವಿಲ್ಲ.

ಕಂಪನಿಯ ಬಾಟಲಿಯ ಮೇಲೆ ‘ಹರ್ಬಲ್’, ‘ನ್ಯಾಚುರಲ್’ ಎಂದಿರುವುದು ಹೆಚ್ಚೇನೂ ತಿಳಿಸುವುದಿಲ್ಲ. ನೋಡಬೇಕಾದದ್ದು ಒಳವಸ್ತುವಿನ ಹೆಸರು, ಪ್ರತಿಶತ, ತಯಾರಾದ ತಿಂಗಳು, ಸೆಪ್ಟಿಕ್ ಟ್ಯಾಂಕಿಗೆ ಸಲ್ಲುತ್ತದೆಯೇ ಎಂಬ ಸೂಚನೆ. ಭಾರತ ಸರ್ಕಾರ 1991ರಲ್ಲಿ ಪರಿಸರಸ್ನೇಹಿ ವಸ್ತುಗಳಿಗಾಗಿ ಮಣ್ಣಿನ ಮಡಕೆಯ ಗುರುತಿನ ಇಕೋಮಾರ್ಕ್ ಆರಂಭಿಸಿತು. ಸಾಬೂನು, ಮಾರ್ಜಕಗಳೂ ಅದರ ವ್ಯಾಪ್ತಿಯಲ್ಲಿವೆ. ತಂಪು ಪಾನೀಯದ ಖಾಲಿ ಬಾಟಲಿಗೆ ಆ್ಯಸಿಡ್ ತುಂಬಿಡುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಬೇಸಗೆಯಲ್ಲಿ ಆಡಿ ದಣಿದು ಬಂದ ಮಗುವಿನ ಕಣ್ಣಿಗೆ ಅದು ನೀರಾಗಿಯೇ ಕಾಣುತ್ತದೆ.

ಕಣ್ಣಿಗೆ ಸಿಡಿದರೆ 15–20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಬೇಕು. ನುಂಗಿದ್ದರೆ ವಾಂತಿ ಮಾಡಿಸಬಾರದು; ಒಮ್ಮೆ ಸುಟ್ಟ ಅನ್ನನಾಳ ಮತ್ತೊಮ್ಮೆ ಸುಡುತ್ತದೆ. ಸೋಡಾ, ನಿಂಬೆರಸ ಕುಡಿಸಿ ತಟಸ್ಥಗೊಳಿಸಲು ಹೋಗಬಾರದು. ಅನಿಲ ಉಸಿರಾಡಿದವರನ್ನು ಬಯಲ ಗಾಳಿಗೆ ತರಬೇಕು. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಟ್ಯಾಂಕಿನ ಬಾಯಿ ತೆರೆಯುವವರು

ಸೆಪ್ಟಿಕ್ ಟ್ಯಾಂಕಿನ ರಾಡಿಯಲ್ಲಿ ಗಂಧಕದ ಸಲ್ಫೈಡುಗಳು ಇರುತ್ತವೆ. ಅದರ ಮೇಲೆ ಆಮ್ಲ ಬಿದ್ದರೆ ಹೈಡ್ರೊಜನ್ ಸಲ್ಫೈಡ್ ಅನಿಲ ಬಿಡುಗಡೆಯಾಗುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದು, ಒಳಗಿಳಿದವರು ಕ್ಷಣಗಳಲ್ಲಿ ಕುಸಿಯುತ್ತಾರೆ. ಮೇಲೆ ನಿಂತವರಿಗೆ ಕಾರಣ ಗೊತ್ತಾಗುವ ಮೊದಲೇ ಎರಡನೆಯವರು ಕಾಪಾಡಲು ಇಳಿದಿರುತ್ತಾರೆ.

ಕೋಲಾರ ಚಿನ್ನದ ಗಣಿಯ ಪೌರಕಾರ್ಮಿಕ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮಲ ಹೊರುವ ಪದ್ಧತಿಯ ವಿರುದ್ಧ ದಶಕಗಳ ಕಾಲ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಈ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಟ್ಯಾಂಕಿಗೆ, ಒಳಚರಂಡಿಗೆ ಇಳಿಸುವುದನ್ನು ಅಪರಾಧವೆಂದು ಸಾರಿದೆ. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಟ್ಯಾಂಕು ಖಾಲಿ ಮಾಡಿಸಬೇಕಾದ ಮನೆಯವರು ಹೀರುಯಂತ್ರದ ಗಾಡಿಯನ್ನೇ ಕರೆಸಬೇಕು. ಅದಕ್ಕೆ ಮುಂಚಿನ ದಿನಗಳಲ್ಲಿ ಆ್ಯಸಿಡ್, ಬ್ಲೀಚಿಂಗ್ ಸುರಿಯುವುದನ್ನು ನಿಲ್ಲಿಸಬೇಕು. ಈಗಾಗಲೇ ಸುರಿದಿದ್ದರೆ ಏನು, ಎಷ್ಟು, ಯಾವಾಗ ಎಂಬುದನ್ನು ಮುಚ್ಚಳ ಎತ್ತುವ ಮೊದಲು ಗಾಡಿಯವರಿಗೆ ತಿಳಿಸಬೇಕು.